ನಕ್ಷೆಯಲ್ಲಿ ಸರಳರೇಖೆಯನ್ನು ಮೇಲಕ್ಕೆ, ಕೆಳಕ್ಕೆ ಸರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸರಳರೇಖೆಯನ್ನು ಲಂಬವಾಗಿ ಸರಿಸುವುದು ನಿರ್ದೇಶಾಂಕ ರೇಖಾಗಣಿತದ ಸುಲಭ ಕೆಲಸಗಳಲ್ಲಿ ಒಂದು. ಆದರೂ ಇಲ್ಲಿ ಚಿಹ್ನೆ ತಪ್ಪುವವರಿಗೆ ಲೆಕ್ಕವಿಲ್ಲ. ನನ್ನ ಪ್ರಕಾರ ಇದಕ್ಕೆ ಕಾರಣ ಒಂದೇ: ಎಲ್ಲರೂ ಮೊದಲು ಸಮೀಕರಣಕ್ಕೆ ಕೈ ಹಾಕುತ್ತಾರೆ. ಸರಿಯುವುದು ಬಿಂದುಗಳು, ಸಮೀಕರಣ ಅವುಗಳ ಹಿಂದೆ ಬರುತ್ತದೆ. ಕೆಳಗಿನ ಉತ್ತರಗಳಲ್ಲೆಲ್ಲ ಈ ಒಂದು ಮಾತನ್ನೇ ಹಿಡಿದುಕೊಂಡಿದ್ದೇನೆ. ರೇಖೆಯ ಇಳಿಜಾರಿಗೆ ಎಂ, ಅದು ವೈ-ಅಕ್ಷವನ್ನು ಛೇದಿಸುವ ಎತ್ತರಕ್ಕೆ ಸಿ, ಸರಿಸುವ ಅಳತೆಗೆ ಕೆ ಎಂಬ ಅಕ್ಷರಗಳನ್ನು ಬಳಸಿದ್ದೇನೆ.

ಲಂಬವಾಗಿ ಸರಿಸುವುದು ಎಂದರೆ ಏನು?

ರೇಖೆಯ ಮೇಲಿರುವ ಪ್ರತಿಯೊಂದು ಬಿಂದುವನ್ನೂ ಒಂದೇ ಅಳತೆಯಷ್ಟು ನೇರವಾಗಿ ಮೇಲಕ್ಕೋ ಕೆಳಕ್ಕೋ ಒಯ್ಯುವುದು. ಎಕ್ಸ್ ಬೆಲೆಯನ್ನು ಮುಟ್ಟುವಂತಿಲ್ಲ. ವೈ ಬೆಲೆಗೆ ಮಾತ್ರ ಕೆ ಸೇರುತ್ತದೆ. ಕೆ ಧನವಾಗಿದ್ದರೆ ರೇಖೆ ಮೇಲಕ್ಕೆ, ಋಣವಾಗಿದ್ದರೆ ಕೆಳಕ್ಕೆ.

ವೈ = 2ಎಕ್ಸ್ + 3 ಎಂಬ ರೇಖೆಯನ್ನು ತೆಗೆದುಕೊಳ್ಳಿ. (−2, −1), (0, 3), (1, 5) ಇವು ಅದರ ಮೇಲಿನ ಮೂರು ಬಿಂದುಗಳು. 4 ಮಾನ ಮೇಲಕ್ಕೆ ಸರಿಸಿದರೆ ಅವು (−2, 3), (0, 7), (1, 9) ಆಗುತ್ತವೆ. ಈಗ ಹೊಸ ಬಿಂದುಗಳನ್ನು ಒಂದೊಂದಾಗಿ ನೋಡಿ: ಎಕ್ಸ್ ಬೆಲೆಯನ್ನು ಎರಡರಿಂದ ಗುಣಿಸಿ 7 ಕೂಡಿದರೆ ವೈ ಬೆಲೆ ಸಿಗುತ್ತದೆ. ಹಾಗಾಗಿ ಹೊಸ ರೇಖೆ ವೈ = 2ಎಕ್ಸ್ + 7. ಸಾಮಾನ್ಯ ರೂಪದಲ್ಲಿ ಹೇಳುವುದಾದರೆ ವೈ = ಎಂ·ಎಕ್ಸ್ + ಸಿ ಎಂಬುದು ವೈ = ಎಂ·ಎಕ್ಸ್ + (ಸಿ + ಕೆ) ಆಗುತ್ತದೆ.

ಇಳಿಜಾರು ಸ್ವಲ್ಪವೂ ಬದಲಾಗುವುದಿಲ್ಲವೇ?

ಇಲ್ಲ. ಎರಡು ಬಿಂದುಗಳ ವೈ ವ್ಯತ್ಯಾಸವನ್ನು ಎಕ್ಸ್ ವ್ಯತ್ಯಾಸದಿಂದ ಭಾಗಿಸಿದರೆ ಬರುವುದೇ ಇಳಿಜಾರು. ಎರಡೂ ವೈ ಬೆಲೆಗಳಿಗೆ 4 ಸೇರಿರುವುದರಿಂದ ಕಳೆಯುವಾಗ ಅದು ಹೊಡೆದುಹೋಗುತ್ತದೆ. 5 − 3 ಮಾಡಿದರೂ 2, 9 − 7 ಮಾಡಿದರೂ 2. ಆದ್ದರಿಂದ ಹಳೆಯ ರೇಖೆಗೂ ಹೊಸ ರೇಖೆಗೂ ಒಂದೇ ಇಳಿಜಾರು, ಅವು ಸಮಾಂತರ.

ನಿಮ್ಮ ಉತ್ತರದಲ್ಲಿ ಎಕ್ಸ್‌ನ ಸಹಗುಣಕ ಬದಲಾಗಿದ್ದರೆ ಅಲ್ಲಿಯೇ ನಿಲ್ಲಿ. 2ಎಕ್ಸ್ + 3 ಹೋಗಿ 3ಎಕ್ಸ್ + 3 ಬಂದಿದ್ದರೆ ರೇಖೆ ಸರಿದಿಲ್ಲ, (0, 3) ಬಿಂದುವನ್ನು ಹಿಡಿದುಕೊಂಡು ತಿರುಗಿದೆ.

ಮೇಲಕ್ಕೆ ಸರಿಸಲು ಕೂಡಬೇಕು ಎನ್ನುತ್ತೀರಿ. ಕೆಲವು ಕಡೆ ವೈ − 4 ಎಂದು ಕಳೆದಿರುತ್ತಾರಲ್ಲ?

ಎರಡೂ ಒಂದೇ ಮಾತು. ಹೊಸ ರೇಖೆಯ ಮೇಲೆ ನಿಂತು ಹಿಂದಕ್ಕೆ ನೋಡಿದರೆ ಅರ್ಥವಾಗುತ್ತದೆ. ಹೊಸ ರೇಖೆಯ ಮೇಲಿನ ಒಂದು ಬಿಂದುವಿನ ಎತ್ತರ ವೈ ಎಂದಿರಲಿ. ಸರಿಯುವ ಮೊದಲು ಆ ಬಿಂದು ಎಲ್ಲಿತ್ತು? 4 ಮಾನ ಕೆಳಗೆ, ಅಂದರೆ ವೈ − 4 ಎತ್ತರದಲ್ಲಿ. ಹಳೆಯ ಸಮೀಕರಣವನ್ನು ಪಾಲಿಸುವುದು ಆ ಹಳೆಯ ಎತ್ತರ. ಆದ್ದರಿಂದ ವೈ − 4 = 2ಎಕ್ಸ್ + 3. ಎಡಗಡೆಯ −4 ಅನ್ನು ಬಲಗಡೆಗೆ ಒಯ್ದರೆ ವೈ = 2ಎಕ್ಸ್ + 7. ಬೇರೆ ದಾರಿ, ಅದೇ ಊರು.

ವೈ ಒಂಟಿಯಾಗಿ ಎಡಗಡೆ ನಿಂತಿದ್ದರೆ ಬಲಗಡೆಗೆ ಕೆ ಕೂಡುವುದು ಬೇಗ ಮುಗಿಯುತ್ತದೆ. ವೈ ಬೇರೆ ಪದಗಳ ಜೊತೆ ಬೆರೆತಿದ್ದರೆ, ಅದು ಇರುವ ಕಡೆಯಲ್ಲೆಲ್ಲ (ವೈ − ಕೆ) ಹಾಕುವುದು ಸುರಕ್ಷಿತ. ಮುಂದಿನ ಪ್ರಶ್ನೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

3ಎಕ್ಸ್ + 4ವೈ = 12 ಎಂಬ ರೇಖೆಯನ್ನು 2 ಮಾನ ಮೇಲಕ್ಕೆ ಸರಿಸಬೇಕು. ಉತ್ತರ 3ಎಕ್ಸ್ + 4ವೈ = 14 ತಾನೇ?

ಅಲ್ಲ. ಈ ವಿಷಯದಲ್ಲಿ ಅತಿ ಹೆಚ್ಚು ಜನ ಜಾರುವ ಜಾಗ ಇದೇ, ಆದ್ದರಿಂದ ನಿಧಾನವಾಗಿ ನೋಡೋಣ.

ಮೊದಲು ಬಿಂದುಗಳು. ಈ ರೇಖೆ (4, 0) ಮತ್ತು (0, 3) ಮೂಲಕ ಹೋಗುತ್ತದೆ. 2 ಮಾನ ಮೇಲಕ್ಕೆ ಒಯ್ದರೆ (4, 2) ಮತ್ತು (0, 5). ಹೊಸ ಬಿಂದುಗಳನ್ನು 3ಎಕ್ಸ್ + 4ವೈ ಎಂಬುದರಲ್ಲಿ ಹಾಕಿ: 12 + 8 = 20, ಮತ್ತು 0 + 20 = 20. ಹೊಸ ರೇಖೆ 3ಎಕ್ಸ್ + 4ವೈ = 20. ಬಲಗಡೆ ಹೆಚ್ಚಾದದ್ದು 2 ಅಲ್ಲ, 8. ಯಾಕೆಂದರೆ ವೈ ಬೆಲೆ 2 ಹೆಚ್ಚಾದಾಗ 4ವೈ ಎಂಬುದು 8 ಹೆಚ್ಚಾಗುತ್ತದೆ. (ವೈ − 2) ಹಾಕುವ ವಿಧಾನದಲ್ಲೂ ಇದೇ ಬರುತ್ತದೆ: 3ಎಕ್ಸ್ + 4(ವೈ − 2) = 12, ಬಿಡಿಸಿದರೆ 3ಎಕ್ಸ್ + 4ವೈ = 20.

ಹಾಗಾದರೆ 3ಎಕ್ಸ್ + 4ವೈ = 14 ಎಂಬುದು ಯಾವ ರೇಖೆ? ಅದೂ ಸಮಾಂತರ ರೇಖೆಯೇ, ಆದರೆ ಅದು ಮೇಲಕ್ಕೆ ಹೋಗಿರುವುದು ಕೇವಲ ಅರ್ಧ ಮಾನ. ನಕ್ಷೆಯಲ್ಲಿ ಬರೆದರೆ ನೋಡಲು ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಅದೇ ಈ ತಪ್ಪಿನ ಅಪಾಯ.

ವೈ ಸಹಗುಣಕ ಋಣವಾಗಿದ್ದಾಗ ಇನ್ನೂ ಮಜಾ ಇದೆ. 2ಎಕ್ಸ್ − 3ವೈ = 6 ಎಂಬುದನ್ನು 2 ಮಾನ ಮೇಲಕ್ಕೆ ಸರಿಸಿ. 2ಎಕ್ಸ್ − 3(ವೈ − 2) = 6, ಅಂದರೆ 2ಎಕ್ಸ್ − 3ವೈ + 6 = 6, ಅಂದರೆ 2ಎಕ್ಸ್ − 3ವೈ = 0. ರೇಖೆ ಮೇಲಕ್ಕೆ ಹೋಯಿತು, ಬಲಗಡೆಯ ಸಂಖ್ಯೆ 6ರಿಂದ ಸೊನ್ನೆಗೆ ಇಳಿಯಿತು! ನಂಬಿಕೆ ಬಾರದಿದ್ದರೆ ಬಿಂದುವನ್ನು ಕೇಳಿ: ಹಳೆಯ ರೇಖೆ (0, −2) ಮೂಲಕ ಹೋಗುತ್ತಿತ್ತು, ಹೊಸದು ಮೂಲಬಿಂದುವಿನ ಮೂಲಕ ಹೋಗುತ್ತದೆ. ಸರಿಯಾಗಿ 2 ಮಾನ ಮೇಲೆ.

ಸೂತ್ರ ಬೇಕೇ ಬೇಕು ಎನ್ನುವವರಿಗೆ: ಎ·ಎಕ್ಸ್ + ಬಿ·ವೈ = ಡಿ ರೂಪದಲ್ಲಿ ಡಿ ಜಾಗಕ್ಕೆ ಡಿ + ಬಿ·ಕೆ ಬರುತ್ತದೆ. ನಾನಾಗಿದ್ದರೆ ಇದನ್ನು ಬಾಯಿಪಾಠ ಮಾಡುವುದಿಲ್ಲ. ಸಮೀಕರಣವನ್ನು ಎಡಗಡೆ ಪೂರ್ತಿ ಬರೆದು ಬಲಗಡೆ ಸೊನ್ನೆ ಇಟ್ಟರೆ ಸೂತ್ರದ ಚಿಹ್ನೆ ತಿರುಗುತ್ತದೆ, ಮತ್ತೆ ಗೊಂದಲ. (ವೈ − ಕೆ) ಹಾಕುವ ವಿಧಾನಕ್ಕೆ ಆ ತಾಪತ್ರಯವಿಲ್ಲ.

ವೈ = 2(ಎಕ್ಸ್ + 4) + 3 ಎಂದು ಬರೆದರೆ 4 ಮಾನ ಮೇಲಕ್ಕೆ ಹೋದಂತಾಗುವುದಿಲ್ಲವೇ?

ಆವರಣದ ಒಳಗೆ ಎಕ್ಸ್ ಜೊತೆ ಕೂಡಿದ ಸಂಖ್ಯೆ ರೇಖೆಯನ್ನು ಅಡ್ಡಕ್ಕೆ ಸರಿಸುತ್ತದೆ, ಅದೂ ಎಡಕ್ಕೆ. ಬಿಡಿಸಿ ನೋಡಿದರೆ ಇದು 2ಎಕ್ಸ್ + 11. ಎತ್ತರದ ಲೆಕ್ಕದಲ್ಲಿ 8 ಮಾನ ಮೇಲೆ. 4 ಅನ್ನು ಇಳಿಜಾರು ಗುಣಿಸಿಬಿಟ್ಟಿದೆ.

ಕಡಿದಾದ ರೇಖೆಯನ್ನು ಮೇಲಕ್ಕೆ ಸರಿಸಿದರೆ ಅದು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಇದು ಕಣ್ಣಿನ ಭ್ರಮೆಯೇ?

ಭ್ರಮೆಯಲ್ಲ. ಒಳ್ಳೆಯ ಪ್ರಶ್ನೆ ಇದು. ಸರಳರೇಖೆಗೆ ಕೊನೆಯಿಲ್ಲ, ಅದರ ಮೈಮೇಲೆ ಗುರುತೂ ಇಲ್ಲ. ಆದ್ದರಿಂದ ಅದು ಮೇಲಕ್ಕೆ ಹೋಯಿತೋ ಪಕ್ಕಕ್ಕೆ ಹೋಯಿತೋ ಎಂದು ಬರೀ ರೇಖೆಯನ್ನು ನೋಡಿ ಹೇಳಲು ಸಾಧ್ಯವೇ ಇಲ್ಲ. ವೈ = 2ಎಕ್ಸ್ + 3 ಅನ್ನು 4 ಮಾನ ಮೇಲಕ್ಕೆ ಸರಿಸಿದರೂ 2ಎಕ್ಸ್ + 7, 2 ಮಾನ ಎಡಕ್ಕೆ ಸರಿಸಿದರೂ 2(ಎಕ್ಸ್ + 2) + 3, ಅಂದರೆ ಮತ್ತೆ 2ಎಕ್ಸ್ + 7. ಕೆ ಮಾನ ಮೇಲಕ್ಕೆ ಹೋಗುವುದೂ ಕೆ/ಎಂ ಮಾನ ಎಡಕ್ಕೆ ಹೋಗುವುದೂ ಒಂದೇ ಎಂಬುದು ಇದರ ಸಾಮಾನ್ಯ ರೂಪ. ಇಳಿಜಾರು ಋಣವಾಗಿದ್ದರೆ ಎಡದ ಬದಲು ಬಲ: ವೈ = −2ಎಕ್ಸ್ + 3 ಅನ್ನು 4 ಮಾನ ಏರಿಸುವುದೂ 2 ಮಾನ ಬಲಕ್ಕೆ ತಳ್ಳುವುದೂ ಸಮ. ಎಕ್ಸ್-ಅಕ್ಷವನ್ನು ಛೇದಿಸುವ ಬಿಂದು ಸರಿಯುವುದೂ ಇಷ್ಟೇ ದೂರ. ಮೊದಲಿನ ಉದಾಹರಣೆಯಲ್ಲಿ ಅದು −1.5ರಿಂದ −3.5ಕ್ಕೆ ಹೋಗುತ್ತದೆ.

ರೇಖಾಖಂಡವಾದರೆ ವ್ಯತ್ಯಾಸ ಕೂಡಲೇ ಬಯಲಾಗುತ್ತದೆ. (0, 3)ರಿಂದ (2, 7)ರವರೆಗಿನ ತುಂಡನ್ನು ಮೇಲಕ್ಕೆ 4 ಒಯ್ದರೆ ಅದು (0, 7)ರಿಂದ (2, 11)ರವರೆಗೆ ಬೀಳುತ್ತದೆ. ಎಡಕ್ಕೆ 2 ಒಯ್ದರೆ (−2, 3)ರಿಂದ (0, 7)ರವರೆಗೆ. ಎರಡೂ ತುಂಡುಗಳು ಒಂದೇ ರೇಖೆಯ ಮೇಲಿವೆ, ಆದರೆ ಬೇರೆ ಬೇರೆ ಜಾಗದಲ್ಲಿ.

4 ಮಾನ ಸರಿಸಿದರೆ ಎರಡು ರೇಖೆಗಳ ನಡುವಿನ ದೂರವೂ 4 ಅಲ್ಲವೇ?

ಅಡ್ಡರೇಖೆಯಾದರೆ ಮಾತ್ರ. ಎರಡು ಸಮಾಂತರ ರೇಖೆಗಳ ದೂರವನ್ನು ಅವುಗಳಿಗೆ ಲಂಬವಾಗಿ ಅಳೆಯುತ್ತೇವೆ. ಸರಿಸಿದ ಅಳತೆಯಾದರೋ ವೈ-ಅಕ್ಷದ ದಿಕ್ಕಿನದು. ಸಂಬಂಧ ಹೀಗಿದೆ: ಕೆ ಅನ್ನು (1 + ಎಂ ವರ್ಗ) ಇದರ ವರ್ಗಮೂಲದಿಂದ ಭಾಗಿಸಬೇಕು, ಚಿಹ್ನೆ ಬಿಟ್ಟು. ಇಳಿಜಾರು 2 ಆಗಿದ್ದರೆ 4/√5, ಸುಮಾರು 1.79. ಇಳಿಜಾರು 10 ಆಗಿದ್ದರೆ 4/√101, ಸುಮಾರು 0.4. ತುಂಬಾ ಕಡಿದಾದ ರೇಖೆ "ಸರಿದೇ ಇಲ್ಲ" ಎನ್ನಿಸುವುದು ಇದೇ ಕಾರಣಕ್ಕೆ.

ಆದರೆ ಒಂದು ಸಂಗತಿ ಮಾತ್ರ ಇಳಿಜಾರನ್ನು ಕೇಳುವುದೇ ಇಲ್ಲ: ಎರಡು ರೇಖೆಗಳ ನಡುವೆ, ಎಕ್ಸ್ = 0 ಮತ್ತು ಎಕ್ಸ್ = 3ರ ಮಧ್ಯೆ ಸಿಕ್ಕಿಬೀಳುವ ಸಮಾಂತರ ಚತುರ್ಭುಜದ ವಿಸ್ತೀರ್ಣ. ಇಳಿಜಾರು 2 ಇರಲಿ, 10 ಇರಲಿ, ಅದು 4 × 3 = 12. ಲಂಬವಾದ ಬಾಹು 4, ಆ ಬಾಹುಗಳ ನಡುವಿನ ಅಗಲ 3. ರೇಖೆ ಎಷ್ಟು ಓರೆಯಾದರೂ ಈ ಎರಡು ಅಳತೆ ಅಲುಗುವುದಿಲ್ಲ.

ಎಕ್ಸ್ = 5 ಎಂಬ ರೇಖೆಯನ್ನು ಮೇಲಕ್ಕೆ ಸರಿಸುವುದು ಹೇಗೆ?

ಸರಿಸಬಹುದು, ಏನೂ ಬದಲಾಗುವುದಿಲ್ಲ. ಅದರ ಬಿಂದುಗಳೆಲ್ಲ ಮೇಲಕ್ಕೆ ಹೋಗಿ ಅದೇ ರೇಖೆಯ ಬೇರೆ ಬಿಂದುಗಳ ಜಾಗದಲ್ಲಿ ಕೂರುತ್ತವೆ. ಸಮೀಕರಣದಲ್ಲಿ ವೈ ಇಲ್ಲದಿರುವುದರಿಂದ (ವೈ − ಕೆ) ಹಾಕಲು ಜಾಗವೂ ಇಲ್ಲ. ಇದಕ್ಕೆ ತದ್ವಿರುದ್ಧ ವೈ = 3: ಮೇಲಕ್ಕೆ 4 ಸರಿಸಿದರೆ ವೈ = 7, ಆದರೆ ಎಡಬಲಕ್ಕೆ ಎಷ್ಟು ತಳ್ಳಿದರೂ ಅಲ್ಲಿಯೇ.

ನಕ್ಷಾ ಹಾಳೆಯ ಮೇಲೆ ಸರಿಸಿದ ರೇಖೆಯನ್ನು ಬರೆಯುವುದು ಹೇಗೆ?

ಹಳೆಯ ರೇಖೆಯ ಮೇಲೆ, ಚೌಕದ ಮೂಲೆಗೆ ಸರಿಯಾಗಿ ಬೀಳುವ ಎರಡು ಬಿಂದುಗಳನ್ನು ಆರಿಸಿ. ಅವು ಒಂದಕ್ಕೊಂದು ದೂರವಿದ್ದಷ್ಟೂ ಒಳ್ಳೆಯದು. ಹತ್ತಿರದ ಬಿಂದುಗಳಿಂದ ಎಳೆದ ರೇಖೆ ಪೆನ್ಸಿಲ್ ಮೊನೆಯಷ್ಟು ತಪ್ಪಿದರೂ ಹಾಳೆಯ ಅಂಚಿಗೆ ಹೋಗುವಷ್ಟರಲ್ಲಿ ಕಣ್ಣಿಗೆ ಕಾಣುವಷ್ಟು ಓರೆಯಾಗುತ್ತದೆ. ಪ್ರತಿ ಬಿಂದುವಿನಿಂದಲೂ ಹಾಳೆಯ ಲಂಬ ಗೆರೆಯನ್ನೇ ಹಿಡಿದು ಮೇಲಕ್ಕೆ ಎಣಿಸಿ, ಹೊಸ ಬಿಂದು ಗುರುತಿಸಿ, ಅಳತೆಪಟ್ಟಿ ಇಟ್ಟು ಸೇರಿಸಿ. ಮೂರನೆಯ ಬಿಂದುವೊಂದನ್ನು ತಾಳೆ ನೋಡಲು ಇಟ್ಟುಕೊಳ್ಳಿ.

ಎರಡು ಎಚ್ಚರಿಕೆಗಳಿವೆ. ಅಳತೆಪಟ್ಟಿಯನ್ನು ರೇಖೆಗೆ ಲಂಬವಾಗಿ ಇಟ್ಟು 4 ಅಳೆಯಬೇಡಿ. ಹಾಗೆ ಮಾಡಿದರೆ ಇಳಿಜಾರು 2 ಇರುವ ರೇಖೆ ಸುಮಾರು 8.9 ಮಾನ ಏರಿಬಿಡುತ್ತದೆ. ಇನ್ನೊಂದು, ಪ್ರಮಾಣ ನೋಡಿ. ವೈ-ಅಕ್ಷದಲ್ಲಿ 1 ಸೆಂ.ಮೀ. = 2 ಮಾನ ಎಂದಿದ್ದರೆ 4 ಮಾನ ಎಂದರೆ 2 ಸೆಂ.ಮೀ. ಎಕ್ಸ್-ಅಕ್ಷದ ಪ್ರಮಾಣ ಏನೇ ಇದ್ದರೂ ಈ ಎಣಿಕೆಗೆ ಸಂಬಂಧವಿಲ್ಲ.

ಜಿಯೋಜಿಬ್ರಾ, ಡೆಸ್ಮೋಸ್‌ನಂಥ ತಂತ್ರಾಂಶದಲ್ಲಿ ಸಿ ಬೆಲೆಗೆ ಸ್ಲೈಡರ್ ಇಟ್ಟು ಎಳೆದಾಡಿದರೆ ರೇಖೆ ಏರಿಳಿಯುವುದು ಕಣ್ಣೆದುರೇ ಕಾಣುತ್ತದೆ. ಆದರೂ ಮೊದಲು ಕೈಯಿಂದ ಬರೆಯಿರಿ ಎನ್ನುವವನು ನಾನು. ಸ್ಲೈಡರ್ ಎಳೆಯುವಾಗ ಕಣ್ಣು ರೇಖೆಯನ್ನು ಹಿಂಬಾಲಿಸುತ್ತದೆ, ಬಿಂದುಗಳನ್ನಲ್ಲ.

ಒಂದು ನಿರ್ದಿಷ್ಟ ಬಿಂದುವಿನ ಮೂಲಕ ಹೋಗುವಂತೆ ರೇಖೆಯನ್ನು ಎಷ್ಟು ಸರಿಸಬೇಕು?

ಆ ಬಿಂದುವಿನ ಎಕ್ಸ್ ಬೆಲೆಯಲ್ಲಿ ರೇಖೆ ಈಗ ಯಾವ ಎತ್ತರದಲ್ಲಿದೆ ಎಂದು ನೋಡಿ, ಬೇಕಾದ ಎತ್ತರದಿಂದ ಅದನ್ನು ಕಳೆಯಿರಿ. ವೈ = −½ಎಕ್ಸ್ + 1 ಎಂಬ ರೇಖೆ (4, 5) ಮೂಲಕ ಹೋಗಬೇಕು. ಎಕ್ಸ್ = 4 ಇದ್ದಾಗ ರೇಖೆಯ ಎತ್ತರ −1. ಬೇಕಾದದ್ದು 5. ಸರಿಸಬೇಕಾದದ್ದು 6. ಹೊಸ ರೇಖೆ ವೈ = −½ಎಕ್ಸ್ + 7.

ಛೇದಿಸುವ ಎರಡು ರೇಖೆಗಳಲ್ಲಿ ಒಂದನ್ನು ಮಾತ್ರ ಸರಿಸಿದರೆ ಛೇದನ ಬಿಂದು ಎಲ್ಲಿಗೆ ಹೋಗುತ್ತದೆ?

ಸರಿಯದೆ ಉಳಿದ ರೇಖೆಯ ಮೇಲೆಯೇ ಜಾರುತ್ತದೆ. ಅದಕ್ಕೆ ಬೇರೆ ದಾರಿಯಿಲ್ಲ. ಛೇದನ ಬಿಂದು ಎರಡೂ ರೇಖೆಗಳ ಮೇಲೆ ಇರಲೇಬೇಕಲ್ಲ. ವೈ = 2ಎಕ್ಸ್ + 3 ಮತ್ತು ವೈ = −ಎಕ್ಸ್ + 6 ಇವು (1, 5)ರಲ್ಲಿ ಸೇರುತ್ತವೆ. ಮೊದಲನೆಯದನ್ನು 3 ಮಾನ ಏರಿಸಿ ವೈ = 2ಎಕ್ಸ್ + 6 ಮಾಡಿ. ಈಗ ಅವು ಸೇರುವುದು (0, 6)ರಲ್ಲಿ. ರೇಖೆ 3 ಮಾನ ಏರಿತು, ಛೇದನ ಬಿಂದು ಏರಿದ್ದು 1 ಮಾತ್ರ, ಜೊತೆಗೆ 1 ಎಡಕ್ಕೂ ಹೋಯಿತು. ಎರಡೂ ರೇಖೆಗಳನ್ನು ಒಟ್ಟಿಗೆ 3 ಮಾನ ಏರಿಸಿದ್ದರೆ ಅದು ನೇರವಾಗಿ (1, 8)ಕ್ಕೆ ಏರುತ್ತಿತ್ತು.

ಎರಡು ರೇಖೆಗಳ ಇಳಿಜಾರು ಹತ್ತಿರ ಹತ್ತಿರ ಇದ್ದಷ್ಟೂ ಈ ಜಾರಾಟ ದೊಡ್ಡದು. ತಾಪಮಾನದ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಸೆಲ್ಸಿಯಸ್ ಬೆಲೆ ಎಕ್ಸ್ ಆದರೆ ಫ್ಯಾರನ್‌ಹೀಟ್ ಬೆಲೆ ವೈ = 1.8ಎಕ್ಸ್ + 32. ಅಂದರೆ ಮೂಲಬಿಂದುವಿನ ಮೂಲಕ ಹೋಗುವ ವೈ = 1.8ಎಕ್ಸ್ ಎಂಬ ರೇಖೆಯನ್ನು 32 ಮಾನ ಏರಿಸಿದ್ದು. ಎರಡೂ ಮಾಪಕಗಳು ಒಂದೇ ಸಂಖ್ಯೆ ತೋರಿಸುವುದು ಈ ರೇಖೆ ವೈ = ಎಕ್ಸ್ ಅನ್ನು ಛೇದಿಸುವಲ್ಲಿ. ಏರಿಸುವ ಮೊದಲು ಆ ಜಾಗ ಸೊನ್ನೆ. ಏರಿಸಿದ ಮೇಲೆ ಎಕ್ಸ್ = 1.8ಎಕ್ಸ್ + 32, ಅಂದರೆ −40. ಇಳಿಜಾರುಗಳ ವ್ಯತ್ಯಾಸ 0.8 ಮಾತ್ರ ಇರುವುದರಿಂದ 32ರ ಏರಿಕೆ ಛೇದನ ಬಿಂದುವನ್ನು 40 ಡಿಗ್ರಿಯಷ್ಟು ದೂರ ತಳ್ಳಿದೆ. ಕೆಲ್ವಿನ್ ಮಾಪಕದ್ದು ಇದಕ್ಕಿಂತ ಸರಳ: ವೈ = ಎಕ್ಸ್ + 273.15. ಅದು ವೈ = ಎಕ್ಸ್ ರೇಖೆಯನ್ನೇ ಏರಿಸಿದ್ದು, ಆದ್ದರಿಂದ ಸಮಾಂತರ; ಸೆಲ್ಸಿಯಸ್, ಕೆಲ್ವಿನ್ ಎರಡೂ ಒಂದೇ ಸಂಖ್ಯೆ ತೋರಿಸುವ ತಾಪಮಾನ ಇಲ್ಲವೇ ಇಲ್ಲ.

ಸರಿಸುವುದು, ಪ್ರತಿಬಿಂಬಿಸುವುದು ಎರಡೂ ಇದ್ದರೆ ಯಾವುದನ್ನು ಮೊದಲು ಮಾಡಬೇಕು?

ಪ್ರಶ್ನೆಯಲ್ಲಿ ಹೇಳಿದ ಕ್ರಮದಲ್ಲೇ. ವೈ = 2ಎಕ್ಸ್ + 3 ಅನ್ನು ಮೊದಲು 4 ಏರಿಸಿ ಆಮೇಲೆ ಎಕ್ಸ್-ಅಕ್ಷದಲ್ಲಿ ಪ್ರತಿಬಿಂಬಿಸಿದರೆ −2ಎಕ್ಸ್ − 7. ಮೊದಲು ಪ್ರತಿಬಿಂಬಿಸಿ ಆಮೇಲೆ ಏರಿಸಿದರೆ −2ಎಕ್ಸ್ + 1. ಬರೀ ಸರಿಸುವುದಾದರೆ ಕ್ರಮದ ಚಿಂತೆ ಬೇಡ: 4 ಮೇಲೆ, 6 ಕೆಳಗೆ ಎಂದರೆ ಹೇಗೆ ಮಾಡಿದರೂ ಒಟ್ಟು 2 ಕೆಳಗೆ.

ಕಂಪ್ಯೂಟರ್ ಪ್ರೋಗ್ರಾಂನಲ್ಲಿ ವೈ ಬೆಲೆಗೆ 4 ಕೂಡಿದರೆ ರೇಖೆ ಕೆಳಕ್ಕೆ ಹೋಗುತ್ತಿದೆ. ಯಾಕೆ?

ಪರದೆಯ ನಿರ್ದೇಶಾಂಕಗಳಲ್ಲಿ ಸಾಮಾನ್ಯವಾಗಿ ಮೂಲಬಿಂದು ಎಡಗಡೆಯ ಮೇಲಿನ ಮೂಲೆಯಲ್ಲಿರುತ್ತದೆ, ವೈ ಕೆಳಮುಖವಾಗಿ ಹೆಚ್ಚುತ್ತದೆ. ಲೆಕ್ಕ ತಪ್ಪಿಲ್ಲ, ಅಕ್ಷ ತಲೆಕೆಳಗಾಗಿದೆ. ಮೇಲ್ಮುಖವನ್ನು ಧನ ಎನ್ನುವುದು ಕೇವಲ ಒಪ್ಪಂದ. 1637ರಲ್ಲಿ ರೆನೆ ಡೆಕಾರ್ಟ್ ಬೀಜಗಣಿತವನ್ನು ರೇಖಾಗಣಿತಕ್ಕೆ ಜೋಡಿಸಿದಾಗ ಇಂದು ನಾವು ಬರೆಯುವ ಎರಡು ಅಕ್ಷಗಳ ಚೌಕಟ್ಟು ಅವರ ಬರಹದಲ್ಲಿ ಇರಲಿಲ್ಲ. ಅದು ನಂತರದವರ ಕೈಯಲ್ಲಿ ರೂಪುಗೊಂಡಿತು. ಪರದೆಯಲ್ಲಿ ಮೇಲಕ್ಕೆ ಒಯ್ಯಬೇಕಾದರೆ 4 ಕಳೆಯಿರಿ. ಇಳಿಜಾರು 2 ಇರುವ ರೇಖೆ ಅಲ್ಲಿ ಎಡದಿಂದ ಬಲಕ್ಕೆ ಇಳಿಯುತ್ತಿರುವಂತೆ ಕಾಣುವುದೂ ಇದೇ ಕಾರಣಕ್ಕೆ.

ವಕ್ರರೇಖೆಗಳಿಗೂ ಇದೇ ನಿಯಮವೇ?

ಹೌದು, ವೈ ಬೆಲೆಗೆ ಕೆ ಕೂಡುವುದು ಯಾವ ನಕ್ಷೆಗೂ ನಡೆಯುತ್ತದೆ. ವೈ = ಎಕ್ಸ್ ವರ್ಗ ಎಂಬ ಪರವಲಯ 4 ಏರಿದರೆ ವೈ = ಎಕ್ಸ್ ವರ್ಗ + 4. ಆದರೆ ಮೇಲೆ ಹೇಳಿದ "ಏರಿಸುವುದೂ ಪಕ್ಕಕ್ಕೆ ತಳ್ಳುವುದೂ ಒಂದೇ" ಎಂಬುದು ಇಲ್ಲಿ ನಡೆಯುವುದಿಲ್ಲ. ಪರವಲಯಕ್ಕೆ ಶೃಂಗವಿದೆ, ಅದು ಎಲ್ಲಿಗೆ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ವಿಚಿತ್ರ: ಏರಿಸಿದ ಪರವಲಯ ಎಲ್ಲೆಡೆ 4 ಮಾನವೇ ಮೇಲಿದ್ದರೂ ಕಡಿದಾದ ಭಾಗಗಳಲ್ಲಿ ಹಳೆಯದಕ್ಕೆ ಅಂಟಿಕೊಳ್ಳುತ್ತಿರುವಂತೆ ತೋರುತ್ತದೆ. ಕಡಿದಾದ ರೇಖೆಯಲ್ಲಿ 4 ಎಂಬುದು 0.4 ಆದದ್ದು ನೆನಪಿದ್ದರೆ ಇದರ ಕಾರಣವನ್ನು ಮತ್ತೆ ವಿವರಿಸಬೇಕಾಗಿಲ್ಲ.

ಅನುಕಲನದಲ್ಲಿ ಕೊನೆಗೆ ಸೇರಿಸುವ ಸ್ಥಿರಾಂಕಕ್ಕೂ ಇದಕ್ಕೂ ಸಂಬಂಧವಿದೆಯೇ?

ಅದು ಇದೇ. ಅನುಕಲನ ಎಂದರೆ ಇಳಿಜಾರು ಗೊತ್ತಿದ್ದಾಗ ಮೂಲ ನಕ್ಷೆಯನ್ನು ಹುಡುಕುವುದು. ಇಳಿಜಾರು 2 ಎಂದು ಮಾತ್ರ ಹೇಳಿದರೆ ವೈ = 2ಎಕ್ಸ್ + 3 ಆಗಬಹುದು, 2ಎಕ್ಸ್ + 7 ಆಗಬಹುದು, ಒಂದರ ಮೇಲೊಂದು ಇರುವ ಅಸಂಖ್ಯಾತ ಸಮಾಂತರ ರೇಖೆಗಳಲ್ಲಿ ಯಾವುದೂ ಆಗಬಹುದು. ಸೇರಿಸುವ ಸ್ಥಿರಾಂಕ ಆ ಇಡೀ ಕುಟುಂಬಕ್ಕೆ ಇಟ್ಟ ಹೆಸರು. ಒಂದು ಬಿಂದು ಕೊಟ್ಟರೆ, (4, 5)ರ ಲೆಕ್ಕದಲ್ಲಿ ಮಾಡಿದಂತೆ, ಅವುಗಳಲ್ಲಿ ಒಂದು ಮಾತ್ರ ಉಳಿಯುತ್ತದೆ.